ನೆತ್ತಿಗೆ ಹತ್ತಿದಾಗ

ಊಟಕ್ಕೆ ಕೂತಾಗ ನೆತ್ತಿಗೆ ಹತ್ತಿದರೆ ನಿಮ್ಮ ಅಜ್ಜಿ ಏನು ಮಾಡುತ್ತಾರೆ? ತಲೆ ತಟ್ಟಿ, ‘ಯಾರೋ ನೆನೆಸ್ಕೋತಿದಾರೆ ಕಣೋ’ ಅನ್ನುತ್ತಾರೆ. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದು, ನಾಲ್ಕು ಸಲ ಕೆಮ್ಮಿದ ಮೇಲೆ ಎಲ್ಲ ಸರಿಹೋಗುತ್ತದೆ. ಮತ್ತೆ ಸಾರನ್ನ ಶುರು.

ನೆನೆಸಿಕೊಂಡವರು ಯಾರೋ ನಾನು ಹೇಳಲಾರೆ. ಆದರೆ ಆ ಸಾರು ಹೋದದ್ದು ನೆತ್ತಿಗಂತೂ ಅಲ್ಲ. ಗಂಟಲಿನಲ್ಲಿ ಎರಡು ಕೊಳವೆಗಳಿವೆ. ಮುಂದಿನದು ಗಾಳಿ ಹೋಗುವ ಶ್ವಾಸನಾಳ, ಹಿಂದಿನದು ಅನ್ನ ಹೋಗುವ ಅನ್ನನಾಳ. ಸಾರು ಹಿಂದಿನ ಬಾಗಿಲು ಬಿಟ್ಟು ಮುಂದಿನ ಬಾಗಿಲಿಗೆ ಹೋಯಿತು. ಕಾವಲಿಗಿದ್ದ ಕೆಮ್ಮು ಅದನ್ನು ಆಚೆಗೆ ದಬ್ಬಿತು. ನಡೆದದ್ದು ಇಷ್ಟೇ. ಕಳೆದ 22 ವರ್ಷಗಳಿಂದ ನಾನು ಕೆಲಸ ಮಾಡುತ್ತಿರುವುದು ಈ ಎರಡು ಬಾಗಿಲುಗಳ ಹತ್ತಿರವೇ. ನನ್ನ ಬಳಿ ಬರುವವರು ನುಂಗಲಾರದ ಮಕ್ಕಳು.

ಮಕ್ಕಳೇ, ಈಗಲೇ ಒಂದು ಪ್ರಯೋಗ ಮಾಡಿ. ಎರಡು ಬೆರಳುಗಳನ್ನು ಗಂಟಲಿನ ಮೇಲೆ ಮೆತ್ತಗೆ ಇಟ್ಟುಕೊಂಡು ಎಂಜಲು ನುಂಗಿ. ಒಳಗೊಂದು ಗಟ್ಟಿ ಗಂಟು ಮೇಲಕ್ಕೆ ಹಾರಿ ಕೆಳಗಿಳಿಯಿತಲ್ಲವೇ? ಅದು ಧ್ವನಿಪೆಟ್ಟಿಗೆ. ಅದು ಮೇಲೇರಿದಾಗ ಅದರ ತಲೆಯ ಮೇಲಿನ ಎಲೆಯಂಥ ಮುಚ್ಚಳ ಬಾಗುತ್ತದೆ, ಒಳಗಿನ ಧ್ವನಿತಂತುಗಳು ಬಿಗಿಯಾಗಿ ಕೂಡಿಕೊಳ್ಳುತ್ತವೆ, ಉಸಿರು ನಿಲ್ಲುತ್ತದೆ. ಆ ಸಂದಿನಲ್ಲಿ ತುತ್ತು ಹಿಂದಿನ ಬಾಗಿಲಿನಿಂದ ಇಳಿದುಹೋಗುತ್ತದೆ. ಗಂಟಲಿನಲ್ಲಿ ನಡೆಯುವ ಇಷ್ಟು ಕೆಲಸಕ್ಕೆ ಸುಮಾರು ಒಂದು ಸೆಕೆಂಡು ಸಾಕು. ಈಗ ಬಾಯಿ ಪೂರ್ತಿ ತೆರೆದುಕೊಂಡು ನುಂಗಲು ನೋಡಿ. ಕಷ್ಟ, ಅಲ್ಲವೇ? ಉಸಿರೆಳೆಯುತ್ತಲೇ ನುಂಗಿ ನೋಡಿ. ಆಗುವುದೇ ಇಲ್ಲ. ತುಟಿ, ಕೆನ್ನೆ, ನಾಲಗೆ, ಅಂಗಳ, ಗಂಟಲು ಎಲ್ಲ ಸೇರಿ 25ಕ್ಕೂ ಹೆಚ್ಚು ಜೊತೆ ಸ್ನಾಯುಗಳು ತಾಳ ತಪ್ಪದೆ ಕೆಲಸ ಮಾಡಿದರೆ ಒಂದು ತುತ್ತು ಒಳಗೆ ಹೋಗುತ್ತದೆ. ದಿನಕ್ಕೆ ನೂರಾರು ಸಲ, ನಿದ್ದೆಯಲ್ಲೂ ನಾವು ನುಂಗುತ್ತಿರುತ್ತೇವೆ. ಯಾರೂ ಲೆಕ್ಕ ಇಡುವುದಿಲ್ಲ.

‘ಏನು ಕೆಲಸ ಮಾಡ್ತೀರಿ?’ ಎಂದು ಮದುವೆಮನೆಯಲ್ಲಿ ಯಾರಾದರೂ ಕೇಳಿದರೆ ‘ಸ್ಪೀಚ್ ಥೆರಪಿಸ್ಟ್’ ಅನ್ನುತ್ತೇನೆ. ‘ಓ, ಉಗ್ಗು ಬಿಡಿಸ್ತೀರಾ?’ ಎನ್ನುವ ಪ್ರಶ್ನೆ ತಪ್ಪದೆ ಬರುತ್ತದೆ. ಅದೂ ನಮ್ಮ ಕೆಲಸವೇ. ಮಾತು ಕಲಿಸುವವರಿಗೆ ಊಟದ ಉಸಾಬರಿ ಯಾಕೆ ಎಂದು ನನ್ನ ಅತ್ತೆಯವರೇ ಬಹಳ ದಿನ ಕೇಳುತ್ತಿದ್ದರು. ಕಾರಣ ಸರಳ. ಮಾತಾಡುವ ತುಟಿ, ನಾಲಗೆ, ಅಂಗಳ, ಗಂಟಲುಗಳೇ ಉಣ್ಣುವುದು ಕೂಡ. ಹುಟ್ಟಿದ ಮಗು ಮೊದಲು ಹಾಲು ಕುಡಿಯಲು ಕಲಿಯುತ್ತದೆ, ಮಾತು ಆಮೇಲಿನದು. ಆ ಅಂಗಗಳು ಹೇಗೆ ಚಲಿಸುತ್ತವೆ ಎಂದು ವರ್ಷಗಟ್ಟಲೆ ಓದಿದವರು ನಾವಾದ್ದರಿಂದ ಈ ಕೆಲಸವೂ ನಮ್ಮ ಪಾಲಿಗೆ ಬಂತು.

ನಮ್ಮ ನಾಡಿನ ಮಟ್ಟಿಗೆ ಈ ಓದಿನ ತವರು ಮೈಸೂರು. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಬಿಎಎಸ್‌ಎಲ್‌ಪಿ ಎಂಬ ಪದವಿಗೆ ಸೇರಬಹುದು. ಆಸ್ಪತ್ರೆಯ ತರಬೇತಿಯೂ ಸೇರಿ ನಾಲ್ಕು ವರ್ಷ. ಆಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಈಗ ಬೆಂಗಳೂರು, ಮಂಗಳೂರು, ಮಣಿಪಾಲದ ಕಡೆಯೂ ಈ ಕೋರ್ಸಿದೆ. ನಮ್ಮ ವಿಷಯದಲ್ಲಿ ಎಲ್ಲರೂ ನೆನೆಯುವ ಹೆಸರು ಅಮೆರಿಕದ ಜೆರಿ ಲೋಗೆಮನ್ ಅವರದು. ನುಂಗುವ ತೊಂದರೆಯನ್ನು ಪರೀಕ್ಷಿಸುವುದು ಹೇಗೆ, ಸರಿಪಡಿಸುವುದು ಹೇಗೆ ಎಂದು 1983ರಲ್ಲಿ ಅವರು ಬರೆದ ಪುಸ್ತಕವನ್ನು ಓದದೆ ಈ ಕೆಲಸಕ್ಕೆ ಇಳಿದವರು ಕಡಿಮೆ.

ನನ್ನ ದಿನ ಶುರುವಾಗುವುದು ಹಸುಗೂಸುಗಳ ವಾರ್ಡಿನಲ್ಲಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳು ಅಲ್ಲಿರುತ್ತವೆ. ಕೆಲವು ನನ್ನ ಅಂಗೈಗಿಂತ ಸ್ವಲ್ಪವೇ ದೊಡ್ಡವು. ಮಗು ಹೊಟ್ಟೆಯಲ್ಲಿರುವಾಗಲೇ ಸುತ್ತಲಿನ ದ್ರವವನ್ನು ನುಂಗುತ್ತ ಅಭ್ಯಾಸ ಮಾಡುತ್ತಿರುತ್ತದೆ. ಆದರೆ ಚೀಪು, ನುಂಗು, ಉಸಿರಾಡು ಎಂಬ ಮೂರನ್ನೂ ಸಾಲಾಗಿ ಮಾಡುವ ಜಾಣತನ ಬರುವುದು ಗರ್ಭದ ಸುಮಾರು 34ನೇ ವಾರದ ಹೊತ್ತಿಗೆ. 30 ವಾರಕ್ಕೇ ಹುಟ್ಟಿದ ಕೂಸಿಗೆ ಚೀಪಬೇಕೆಂಬ ಆಸೆ ಇದ್ದರೂ ತಾಳ ಗೊತ್ತಿರುವುದಿಲ್ಲ. ನಾಲ್ಕು ಸಲ ಚೀಪಿ ಉಸಿರಾಡುವುದನ್ನೇ ಮರೆಯುತ್ತದೆ, ತುಟಿ ನೀಲಿಯಾಗುತ್ತದೆ. ಅಲ್ಲಿಯವರೆಗೆ ಮೂಗಿನಿಂದ ಇಳಿಸಿದ ಸಣ್ಣ ನಳಿಕೆಯಲ್ಲಿ ತಾಯಿಯ ಹಾಲು. ಜೊತೆಜೊತೆಗೆ ನಾವು ಚೀಪುವುದನ್ನು ಅಭ್ಯಾಸ ಮಾಡಿಸುತ್ತೇವೆ. ಚೀಪಿ ಚೀಪಿ, ನಿಂತು, ಉಸಿರೆಳೆದು, ಮತ್ತೆ ಚೀಪಿದ ದಿನ ನರ್ಸ್‌ಗಳೆಲ್ಲ ಬಂದು ನೋಡಿ ಹೋಗುತ್ತಾರೆ.

ಆ ವಾರ್ಡಿನಲ್ಲಿ ಒಂದು ಪಾತ್ರೆ ಇದೆ. ಅದನ್ನು ಕಂಡರೆ ಅಜ್ಜಿಯರಿಗೆ ಖುಷಿ. ಅದೇ ಒಳಲೆ! ಅಂಗೈಯಲ್ಲಿ ಕೂರುವ, ಮುಂದೆ ಉದ್ದ ಮೂತಿಯಿರುವ ಪುಟ್ಟ ಬಟ್ಟಲು. ತಮಿಳರು ಅದನ್ನು ಪಾಲಾಡೈ ಅನ್ನುತ್ತಾರೆ. ಆ ಹೆಸರಿನಲ್ಲೇ ಅದು ವೈದ್ಯಕೀಯ ಪುಸ್ತಕಗಳಿಗೂ ಸೇರಿದೆ. ಚೀಪಲು ಬಾರದ ಕೂಸಿಗೆ ಬಾಟಲಿಗಿಂತ ಇದು ಮೇಲು. ಕುದಿಸಿ ತೊಳೆಯುವುದೂ ಸುಲಭ. ಆದರೆ ಒಂದು ಮಾತು. ಅಳುವ ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು, ಬಾಯಿ ತೆರೆದ ಕೂಡಲೇ ಗಳಗಳನೆ ಹುಯ್ಯುವುದಿದೆಯಲ್ಲ, ಅದು ಬೇಡವೇ ಬೇಡ. ಮಗು ಎಚ್ಚರವಾಗಿರಬೇಕು, ತಲೆ ಎತ್ತರದಲ್ಲಿರಬೇಕು, ಒಳಲೆಯ ಮೂತಿ ತುಟಿಗೆ ತಾಗಿರಬೇಕು. ಗುಟುಕು ನುಂಗಿದ ಮೇಲೆ ಇನ್ನೊಂದು ಗುಟುಕು. ಅಷ್ಟು ತಾಳ್ಮೆ ಇದ್ದರೆ ಹಳೆಯ ಒಳಲೆಗೆ ಸಮನಾದದ್ದು ಇಲ್ಲ.

ಇದರ ಜೊತೆಗೇ ಇನ್ನೊಂದನ್ನು ಹೇಳಿಬಿಡುತ್ತೇನೆ. ಎಣ್ಣೆನೀರು ಹಾಕುವಾಗ ಕೂಸಿನ ಮೂಗಿಗೆ ಎರಡು ಹನಿ ಎಣ್ಣೆ ಬಿಡುವ ರೂಢಿ ನಮ್ಮ ಕಡೆ ಇದೆ. ಎಣ್ಣೆ ನುಣುಪು, ಅದು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಇಳಿದರೆ ಬೇಗ ಹೊರಗೆ ಬರುವುದಿಲ್ಲ. ಅದರಿಂದ ನ್ಯುಮೋನಿಯ ಆದ ಮಕ್ಕಳನ್ನು ನಾನು ನೋಡಿದ್ದೇನೆ. ಮೈಗೆ ಎಷ್ಟು ಬೇಕಾದರೂ ಎಣ್ಣೆ ಹಚ್ಚಿ, ಮೂಗನ್ನು ಬಿಟ್ಟುಬಿಡಿ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸುವುದೂ ಬೇಡ.

ಸೀಳುತುಟಿ, ಸೀಳಂಗಳ ಇರುವ ಮಕ್ಕಳೂ ಬರುತ್ತಾರೆ. ಅಂಗಳದಲ್ಲಿ ಬಿರುಕಿದ್ದರೆ ಬಾಯೊಳಗೆ ಎಳೆತ ಹುಟ್ಟುವುದಿಲ್ಲ, ತೂತಿರುವ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ. ಹಾಲು ಮೂಗಿನಿಂದ ಬರುತ್ತದೆ. ಇಂಥ ಮಗುವನ್ನು ನೆಟ್ಟಗೆ ಕೂರಿಸಿಕೊಂಡು ಒಳಲೆಯಲ್ಲೋ ಚಮಚದಲ್ಲೋ ಕುಡಿಸಿದರೆ ತೂಕ ಏರುತ್ತದೆ. ತೂಕ ಏರಿದರೆ ಕೆಲವು ತಿಂಗಳಲ್ಲಿ ತುಟಿಯ ಶಸ್ತ್ರಚಿಕಿತ್ಸೆ, ವರ್ಷದ ಆಸುಪಾಸಿನಲ್ಲಿ ಅಂಗಳದ್ದು. ಇಲ್ಲಿ ನನಗೆ ಹಾಲಿಗಿಂತ ದೊಡ್ಡ ತಲೆನೋವು ಗ್ರಹಣ. ‘ಬಸುರಿಯಾಗಿದ್ದಾಗ ಗ್ರಹಣದ ಹೊತ್ತಲ್ಲಿ ಈಳಿಗೆಮಣೆ ಮುಟ್ಟಿದ್ಲು’ ಎಂದು ಸೊಸೆಯನ್ನು ದೂರುವ ಮಾತು ಈಗಲೂ ಕೇಳುತ್ತದೆ. ಮಗುವಿನ ತುಟಿ, ಅಂಗಳಗಳು ಕೂಡಿಕೊಳ್ಳುವುದು ಗರ್ಭದ ಮೊದಲ ಮೂರು ತಿಂಗಳಲ್ಲಿ. ಕೆಲವು ಸಲ ಅವು ಪೂರ್ತಿ ಕೂಡುವುದಿಲ್ಲ. ಈಳಿಗೆಮಣೆಗೂ ಅದಕ್ಕೂ ಸಂಬಂಧವಿಲ್ಲ. ಹೀಗೆ ಹೇಳಿದಾಗ ಮೂಲೆಯಲ್ಲಿ ತಲೆತಗ್ಗಿಸಿ ಕೂತಿರುವ ಆ ತಾಯಿ ಮೊದಲ ಸಲ ತಲೆಯೆತ್ತುತ್ತಾಳೆ.

ಈಗ ಮಂಡ್ಯ ಕಡೆಯ ಹಳ್ಳಿಯ ಒಬ್ಬ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಮೊಮ್ಮಗನಿಗೆ ನಾಲ್ಕು ವರ್ಷ, ಸೆರೆಬ್ರಲ್ ಪಾಲ್ಸಿ. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿ ಕೈಕಾಲು, ಕತ್ತು ಹತೋಟಿಗೆ ಬಂದಿರಲಿಲ್ಲ. ತೂಕ ಎಂಟೂವರೆ ಕೆಜಿ. ಒಂದೇ ವರ್ಷದಲ್ಲಿ ಮೂರು ಸಲ ನ್ಯುಮೋನಿಯ. ಅಪ್ಪ ಅಮ್ಮ ಕೂಲಿಗೆ ಹೋಗುತ್ತಿದ್ದರು. ಅಜ್ಜಿಯೇ ಅವನನ್ನು ಮಡಿಲಲ್ಲಿ ಮಲಗಿಸಿಕೊಂಡು, ಕಿವುಚಿದ ಅನ್ನ, ರಾಗಿ ಅಂಬಲಿ, ಹಾಲು ಉಣ್ಣಿಸುತ್ತಿದ್ದರು. ಒಂದೊಂದು ಊಟಕ್ಕೆ ಒಂದೂವರೆ ಗಂಟೆ.

ಉಣ್ಣಿಸುವ ಬಗೆ ನೋಡಬೇಕು ಅಂದೆ. ಅಜ್ಜಿಗೆ ಸಿಟ್ಟು ಬಂತು. “ಎಂಟು ಮಕ್ಳ ಸಾಕಿವ್ನಿ ಕಣವ್ವ. ಉಣ್ಸೋದ ನಂಗೇ ಹೇಳ್ಕೊಟ್ಟೀಯಾ?” ಅಂದರು. ಆಮೇಲೆ ಹೆಮ್ಮೆಯಿಂದ, “ನನ್ ಕೈಲಿ ಉಂಡ್ರೆ ಒಂದ್ಸಲನೂ ಕೆಮ್ಮಕಿಲ್ಲ” ಅಂತಲೂ ಸೇರಿಸಿದರು.

ನಮ್ಮ ಕೆಲಸದಲ್ಲಿ ಎದೆ ಝಲ್ಲೆನ್ನಿಸುವ ಮಾತು ಇದೇ. ಕೆಮ್ಮಿದರೆ ಕಾವಲುಗಾರ ಎಚ್ಚರವಾಗಿದ್ದಾನೆ ಎಂದರ್ಥ. ಕೆಲವು ಮಕ್ಕಳ ಗಂಟಲಿನಲ್ಲಿ ಸ್ಪರ್ಶವೇ ಮಂದವಾಗಿರುತ್ತದೆ. ಹಾಲು ಶ್ವಾಸನಾಳಕ್ಕೆ ಹೋದರೂ ಕೆಮ್ಮು ಬರುವುದಿಲ್ಲ. ಹೊರಗಿನಿಂದ ನೋಡುವವರಿಗೆ ಊಟ ಚೆನ್ನಾಗಿಯೇ ಸಾಗಿರುತ್ತದೆ.

ಪರದೆಯ ಮೇಲೆ ಪರೀಕ್ಷೆ ಮಾಡಿದೆವು. ಬೇರಿಯಂ ಎಂಬ ಬಿಳಿ ಪುಡಿಯನ್ನು ಹಾಲಿಗೂ ಗಂಜಿಗೂ ಕಲಸಿ, ಮಗು ನುಂಗುವಾಗ ಎಕ್ಸ್‌-ರೇಯಲ್ಲಿ ವಿಡಿಯೊ ತೆಗೆಯುತ್ತಾರೆ. ತುತ್ತು ಕಪ್ಪು ಗೆರೆಯಾಗಿ ಇಳಿಯುವುದು ಕಾಣುತ್ತದೆ. ನೀರಿನಂಥ ಹಾಲು ಕೊಟ್ಟಾಗ ಆ ಗೆರೆ ಎರಡಾಗಿ ಒಡೆಯಿತು. ಒಂದು ಎಳೆ ಮುಂದಿನ ಕೊಳವೆಗೆ ಇಳಿಯಿತು. ಹುಡುಗ ಕೆಮ್ಮಲಿಲ್ಲ, ನಗುತ್ತಲೇ ಇದ್ದ. ಮಂದವಾದ ಗಂಜಿಯನ್ನು, ಗದ್ದ ಸ್ವಲ್ಪ ಕೆಳಗೆ ಮಾಡಿ ಕೂರಿಸಿಕೊಟ್ಟಾಗ ಸರಿಯಾಗಿ ಇಳಿಯಿತು. ಆದರೆ ಹತ್ತು ಹನ್ನೆರಡು ಚಮಚಕ್ಕೇ ಅವನು ಸುಸ್ತಾದ.

ಇಲ್ಲೊಂದು ವಿವರ ಹೇಳಬೇಕು. ನೀರು ನುಂಗುವುದು ಸುಲಭ, ಗಟ್ಟಿಯದು ಕಷ್ಟ ಎಂದು ನಾವೆಲ್ಲ ತಿಳಿದಿರುತ್ತೇವೆ. ಗಂಟಲಿನ ಬಾಗಿಲು ನಿಧಾನವಾಗಿರುವವರಿಗೆ ನೀರೇ ಕಷ್ಟ, ಬಾಗಿಲು ಮುಚ್ಚುವ ಮೊದಲೇ ನುಗ್ಗಿಬಿಡುತ್ತದೆ. ಅದಕ್ಕೇ ಆಹಾರದ ಮಂದವನ್ನು ಅಳೆಯುವ ಅಂತರರಾಷ್ಟ್ರೀಯ ಪದ್ಧತಿಯೊಂದಿದೆ, 0ಯಿಂದ 7ರವರೆಗೆ. ನೀರು 0, ನಾವು ಉಣ್ಣುವ ಮಾಮೂಲಿ ಊಟ 7. ಪಾನೀಯಗಳನ್ನು ಅಳೆಯುವುದು ಸೂಜಿಯಿಲ್ಲದ ಸಿರಿಂಜಿನಲ್ಲಿ. 10 ಮಿಲಿ ತುಂಬಿ, ಬೆರಳು ತೆಗೆದು, 10 ಸೆಕೆಂಡು ಬಿಟ್ಟು ಎಷ್ಟು ಉಳಿಯಿತು ನೋಡುತ್ತಾರೆ. ಆಸ್ಪತ್ರೆಗೆ ನಿಗದಿಯಾದ ಅಳತೆಯ ಸಿರಿಂಜೇ ಬೇಕು. ಆಟಕ್ಕಾದರೆ ಯಾವುದಾದರೂ ಸಾಕು. ರಜೆಯಲ್ಲಿ ನೀರು, ಮಜ್ಜಿಗೆ, ರಾಗಿ ಮಾಲ್ಟ್, ಪಾಯಸದ ರಸ ಎಲ್ಲ ಅಳೆದು ನೋಡಿ. ಒಂದೇ ರಾಗಿ ಹಿಟ್ಟಿನಲ್ಲಿ ಎಷ್ಟು ಬಗೆಯ ಮಂದ ಮಾಡಬಹುದು ಎಂದು ನಮ್ಮ ಅಜ್ಜಿಯರಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಿಲ್ಲ. ಅಂದಹಾಗೆ, ಮುದ್ದೆಯನ್ನು ಅಗಿಯದೆ ನುಂಗುವವರನ್ನು ಕಂಡರೆ ನನಗೆ ವಿಶೇಷ ಗೌರವ. ಸಾರಿನಲ್ಲಿ ಅದ್ದಿ, ನುಣ್ಣಗೆ ಉರುಳಿಸಿ, ನಾಲಗೆಯಿಂದ ಒಂದೇ ಸಲಕ್ಕೆ ಹಿಂದಕ್ಕೆ ನೂಕುವುದು ಸಾಮಾನ್ಯ ವಿದ್ಯೆಯಲ್ಲ. ನುಂಗುವ ತೊಂದರೆ ಇರುವ ಮಕ್ಕಳಿಗೆ ಮಾತ್ರ ಅದನ್ನು ಕೊಡಬಾರದು.

ಮತ್ತೆ ಆ ಅಜ್ಜಿ. ಡಾಕ್ಟರು, ಆಹಾರತಜ್ಞರು, ನಾನು ಕೂತು ಮಾತಾಡಿದೆವು. ಹುಡುಗನ ಹೊಟ್ಟೆಯ ಮೇಲೆ ಸಣ್ಣ ರಂಧ್ರ ಮಾಡಿ ಜಠರಕ್ಕೇ ನಳಿಕೆ ಇಡುವುದು, ಹಾಲು, ಗಂಜಿ, ನೀರು ಅದರಲ್ಲೇ ಕೊಡುವುದು ಎಂದಾಯಿತು. ಅಜ್ಜಿ ಎದ್ದುನಿಂತರು. “ಬಾಯಿ ಇರೋ ಮಗೀಗೆ ಹೊಟ್ಟೆ ತೂತ ಮಾಡಿ ಹುಯ್ದೀರಾ?” ಅಂದವರು ಮೊಮ್ಮಗನನ್ನು ಸೊಂಟಕ್ಕೆ ಏರಿಸಿಕೊಂಡು ಹೊರಟೇಹೋದರು.

ಅವರ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ಆ ಹುಡುಗ ಮಾತಾಡುವುದಿಲ್ಲ, ಓಡುವುದಿಲ್ಲ, ಅಜ್ಜಿಯ ಕತ್ತು ತಬ್ಬಿಕೊಳ್ಳಲೂ ಅವನಿಗೆ ಕೈ ಬಾರದು. ಅವರಿಬ್ಬರ ನಡುವೆ ನಡೆಯುತ್ತಿದ್ದ ಮಾತುಕತೆಯೆಲ್ಲ ಆ ತುತ್ತಿನಲ್ಲೇ ಇತ್ತು. ಅದನ್ನೇ ಕಿತ್ತುಕೊಳ್ಳಲು ಬಂದವಳಂತೆ ನಾನು ಅವರಿಗೆ ಕಂಡಿದ್ದೆ.

ಎರಡು ತಿಂಗಳಾದ ಮೇಲೆ ನಾಲ್ಕನೇ ನ್ಯುಮೋನಿಯದ ಜೊತೆ ಬಂದರು. ಆಕ್ಸಿಜನ್ ಹಾಕಿದ್ದರು. ಮೂರನೆಯ ದಿನ ಅಜ್ಜಿಯೇ, “ಅವತ್ತಿನ ಪಿಚ್ಚರ್ರು ಇನ್ನೊಂದಪ ತೋರ್ಸವ್ವ” ಅಂದರು. ಕಪ್ಪು ಗೆರೆ ಒಡೆಯುವ ಜಾಗದಲ್ಲಿ ನಿಲ್ಲಿಸಿ ತೋರಿಸಿದೆ. ಬಹಳ ಹೊತ್ತು ನೋಡಿದರು. “ಹಂಗಾರೆ ಇಷ್ಟು ದಿನ ನನ್ ಕೈಯಾರ ಅದ್ರೊಳಿಕ್ಕೆ ಹುಯ್ದೆನಾ?”

“ಇಲ್ಲಮ್ಮ. ನಿಮ್ಮ ಕೈಯಿಂದಾನೇ ಅವನು ನಾಲ್ಕು ವರ್ಷ ಉಳಿದಿದ್ದು. ದಾರಿ ತಪ್ಪಿಸ್ತಿರೋದು ಅವನ ಗಂಟಲು” ಅಂದೆ. ಸಮಾಧಾನಕ್ಕೆಂದು ಆಡಿದ ಮಾತಲ್ಲ. ಅಂಥ ಮಗುವಿಗೆ ಅಷ್ಟು ತೂಕವಾದರೂ ಬಂದದ್ದು ದಿನಕ್ಕೆ ನಾಲ್ಕೈದು ಗಂಟೆ ಕೂತು ಉಣ್ಣಿಸಿದ ಆ ಕೈಯಿಂದಲೇ.

ನಳಿಕೆ ಹಾಕಿದರು. ಆದರೆ ಒಂದು ಷರತ್ತು ಅಜ್ಜಿಯದು, ಒಂದು ನಮ್ಮದು. ಬಾಯಿಗೆ ರುಚಿ ತಪ್ಪಬಾರದು ಎಂಬುದು ಅವರದು. ಬೆಳಗ್ಗೆ ಸಂಜೆ ಹತ್ತು ಹತ್ತು ಚಮಚ ಮಾತ್ರ, ನೆಟ್ಟಗೆ ಕೂರಿಸಿ, ನಾವು ಹೇಳಿದ ಮಂದದಲ್ಲಿ ಎಂಬುದು ನಮ್ಮದು. ಚಿಕ್ಕ ಚಮಚ, ಒಂದು ನುಂಗಿದ್ದನ್ನು ನೋಡಿಯೇ ಇನ್ನೊಂದು, ಮೊದಲೂ ಕೊನೆಗೂ ಬಾಯಿ ಒರೆಸಿ ಸ್ವಚ್ಛ ಮಾಡುವುದು. ಇದನ್ನೆಲ್ಲ ಅಜ್ಜಿ ಎರಡೇ ದಿನದಲ್ಲಿ ಕಲಿತರು. ಬಸ್ಸಾರನ್ನು ಅನ್ನದ ಗಂಜಿಯಲ್ಲಿ ಕದಡಿ ಸರಿಯಾದ ಹದಕ್ಕೆ ತರುವುದನ್ನು ಅವರೇ ಕಂಡುಹಿಡಿದರು, ಖಾರ ಕಡಿಮೆ ಮಾಡಿ. ಒಂದು ವರ್ಷದಲ್ಲಿ ಹುಡುಗ ಹನ್ನೆರಡು ಕೆಜಿ ಆದ. ಆ ವರ್ಷ ಒಂದು ಸಲವೂ ಆಸ್ಪತ್ರೆಯಲ್ಲಿ ಮಲಗಲಿಲ್ಲ. ಬಸ್ಸಾರಿನ ಒಗ್ಗರಣೆಯ ವಾಸನೆ ಬಂದರೆ ಸಾಕು, ಬಾಯಿ ತೆರೆದು ಕಾಯುತ್ತಾನಂತೆ. ಎಲ್ಲ ಮಕ್ಕಳ ಕಥೆಯೂ ಹೀಗೆ ಆಗುವುದಿಲ್ಲ. ಕೆಲವರಿಗೆ ನಳಿಕೆ ಬೇಕಾಗುವುದೇ ಇಲ್ಲ, ಕೂರಿಸುವ ರೀತಿ ಬದಲಿಸಿದರೆ ಸಾಕು. ಇನ್ನು ಕೆಲವರನ್ನು ನಾವು ಕಳೆದುಕೊಂಡಿದ್ದೇವೆ.

ಮನೆಯಲ್ಲಿ ಪುಟ್ಟ ಮೊಮ್ಮಕ್ಕಳಿರುವವರು ಇಷ್ಟು ಗಮನಿಸಿ. ಮಗು ಊಟಊಟಕ್ಕೂ ಕೆಮ್ಮುತ್ತಿದ್ದರೆ, ಕುಡಿದ ಮೇಲೆ ದನಿ ಗೊರಗೊರ ಆದರೆ, ಒಂದು ಊಟಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುತ್ತಿದ್ದರೆ, ತೂಕ ಏರದಿದ್ದರೆ, ಪದೇಪದೇ ಕಫ ಜ್ವರ ಬಂದರೆ ಮಕ್ಕಳ ಡಾಕ್ಟರಿಗೆ ಹೇಳಿ. ಅನ್ನ ಕಂಡರೆ ಓಡುವ, ಒಂದೇ ತಟ್ಟೆಯಲ್ಲಿ ಒಂದೇ ಬಗೆಯ ತಿಂಡಿ ಬೇಕೆನ್ನುವ ಮಕ್ಕಳದು ಬೇರೆಯೇ ಸಮಸ್ಯೆ, ಅದಕ್ಕೂ ದಾರಿಯಿದೆ. ಮೊಬೈಲ್ ತೋರಿಸಿ ತುರುಕುವುದು ಮಾತ್ರ ದಾರಿಯಲ್ಲ. ಚಂದಮಾಮನನ್ನು ತೋರಿಸುವಾಗ ಅಜ್ಜಿ ಮಗುವಿನ ಮುಖ ನೋಡುತ್ತಿದ್ದರು. ಮೊಬೈಲ್ ಇದ್ದಲ್ಲಿ ಇಬ್ಬರೂ ಪರದೆ ನೋಡುತ್ತಾರೆ, ಬಾಯಲ್ಲಿ ತುತ್ತು ಉಳಿದಿರುವುದು ಯಾರಿಗೂ ಕಾಣುವುದಿಲ್ಲ.

ಕಡಲೆಕಾಯಿ ಬೀಜದ ವಿಷಯವನ್ನು ಬಿಡುವಂತಿಲ್ಲ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ, ಇಡೀ ದ್ರಾಕ್ಷಿ, ಹುರಿಗಡಲೆ ಕೊಡಬೇಡಿ. ಪುಡಿ ಮಾಡಿ ಕೊಡಿ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ಸಿಕ್ಕಿಕೊಂಡ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ನೀರು ಕುಡಿಸಬೇಡಿ. ದನಿಯೇ ಹೊರಡದಿದ್ದರೆ ಮಗುವನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿನ ಮೇಲ್ಭಾಗಕ್ಕೆ ಅಂಗೈಯಿಂದ ಐದು ಸಲ ಬಿಗಿಯಾಗಿ ಗುದ್ದಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕಾಣದ ಬೀಜಕ್ಕಾಗಿ ಗಂಟಲಿಗೆ ಬೆರಳು ಹಾಕಬೇಡಿ, ಅದು ಇನ್ನೂ ಒಳಕ್ಕೆ ಹೋಗುತ್ತದೆ.

ಶಾಲೆಗಳಿಗೆ ಹೋಗಿ ಈ ವಿಷಯ ಹೇಳುವುದೂ ನನ್ನ ಇಷ್ಟದ ಕೆಲಸ. ದೊಡ್ಡವರಿಗೆ ಹೊಳೆಯದ ಪ್ರಶ್ನೆಗಳು ಅಲ್ಲಿ ಸಿಗುತ್ತವೆ. ಕಳೆದ ತಿಂಗಳು ಐದನೇ ತರಗತಿಯ ಒಬ್ಬ ಹುಡುಗ ಎದ್ದು, “ಮಿಸ್, ತಲೆಕೆಳಗಾಗಿ ನಿಂತು ನೀರು ಕುಡಿದ್ರೆ ಹೊಟ್ಟೆಗೆ ಹೋಗುತ್ತಾ?” ಅಂದ. ಹೋಗುತ್ತದೆ. ಅನ್ನನಾಳ ಬರೀ ಪೈಪಲ್ಲ, ಅದರ ಗೋಡೆಯಲ್ಲೇ ಸ್ನಾಯುಗಳಿವೆ. ಹಿಂದಿನಿಂದ ಹಿಂಡುತ್ತ ಹಿಂಡುತ್ತ ತುತ್ತನ್ನು ಮುಂದೆ ತಳ್ಳುತ್ತವೆ. ಗಗನಯಾತ್ರಿಗಳು ತೇಲುತ್ತಲೇ ಊಟ ಮಾಡುವುದು ಹೀಗೆ. “ನಿಮ್ಮ ಮನೆ ಹಸು ಕೆರೆಗೆ ಬಾಯಿ ಹಾಕಿ ಕುಡಿಯೋವಾಗ ನೀರು ಯಾವ ಕಡೆ ಹೋಗುತ್ತೆ ಹೇಳು?” ಎಂದು ಕೇಳಿದೆ. ಅವನು ಒಂದು ಕ್ಷಣ ಯೋಚಿಸಿ, ಬಗ್ಗಿ, ತನ್ನ ಕತ್ತನ್ನೇ ಕೆಳಗೆ ಮಾಡಿ ಅಳೆದು ನೋಡಿ, “ಮೇಲಕ್ಕೆ!” ಎಂದು ಕೂಗಿದ. ಇಡೀ ತರಗತಿ ಬೆಂಚಿನ ಕೆಳಗೆ ತಲೆ ಬಗ್ಗಿಸಿತು. ನೀರಿನ ಬಾಟಲಿಗಳನ್ನು ಅಷ್ಟರಲ್ಲಿ ಮೇಷ್ಟ್ರು ಎತ್ತಿಟ್ಟುಬಿಟ್ಟಿದ್ದರು.